ಆಫ್ ಮಾಡಿದ ಎಂಜಿನ್ನಿನ ಬಿಸಿ ಎಲ್ಲಿಗೆ ಹೋಗುತ್ತದೆ? ಹುರುಳಿ ಒಕ್ಕಣೆ ಕಾಲದಲ್ಲಿ ಕಾರು ಓಡಿಸುವವರಿಗೆ

ಚಾಮುಂಡಿ ಬೆಟ್ಟದ ಮೇಲಿನ ಪಾರ್ಕಿಂಗ್ ಜಾಗದಲ್ಲಿ ಬೇಸಿಗೆಯ ದಿನ ಸ್ವಲ್ಪ ಹೊತ್ತು ನಿಂತರೆ ಒಂದು ಸದ್ದು ಕೇಳುತ್ತದೆ. ಕಾರು ಬಂದು ನಿಲ್ಲುತ್ತದೆ. ಎಂಜಿನ್ ಆಫ್ ಆಗುತ್ತದೆ. ಮನೆಯವರೆಲ್ಲ ಇಳಿದು ದೇವಸ್ಥಾನದ ಕಡೆ ಹೊರಡುತ್ತಾರೆ. ಬಾನೆಟ್ ಒಳಗೆ ಮಾತ್ರ ಫ್ಯಾನ್ ಗುರ್ ಅಂತ ತಿರುಗುತ್ತಲೇ ಇರುತ್ತದೆ. ಹೊಸದಾಗಿ ಕಾರು ಕೊಂಡವರು ಗಾಬರಿಯಾಗುವುದೂ ಉಂಟು. ವೈರಿಂಗ್ ಕೆಟ್ಟಿತಾ, ಬ್ಯಾಟರಿ ಇಳಿದುಹೋಗುತ್ತಾ ಅಂತ. ಎರಡೂ ಅಲ್ಲ. ಮೂರು ನಾಲ್ಕು ನಿಮಿಷ ತಿರುಗಿದರೆ ಆ ಫ್ಯಾನ್ ತಿನ್ನುವ ಕರೆಂಟು ಬ್ಯಾಟರಿಗೆ ಲೆಕ್ಕಕ್ಕೇ ಇಲ್ಲ. ಕೀ ತೆಗೆದ ಮೇಲೆ ಎಂಜಿನ್ನಿನ ಕೆಲವು ಭಾಗಗಳು ಇನ್ನಷ್ಟು ಬಿಸಿಯಾಗುತ್ತವೆ. ಅದಕ್ಕೇ ಫ್ಯಾನ್ ಬೇಕು.

ಆಫ್ ಮಾಡಿದ ಎಂಜಿನ್ ಆ ಕ್ಷಣದಿಂದಲೇ ತಣ್ಣಗಾಗುತ್ತಾ ಹೋಗುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಮೊದಲ ಹತ್ತು ಹದಿನೈದು ನಿಮಿಷದ ಮಟ್ಟಿಗೆ ಅದು ಸರಿಯಲ್ಲ. ಈ ಅಂದಾಜನ್ನು ನಂಬಿ ರೇಡಿಯೇಟರ್ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರಿದ್ದಾರೆ. ನಮ್ಮ ಮಂಡ್ಯ, ಮೈಸೂರು ಕಡೆ ಇನ್ನೂ ದೊಡ್ಡ ಅಪಾಯವೊಂದಿದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ, ರಸ್ತೆ ಮೇಲೆ ಹುರುಳಿ ಹರಡುವ ಕಾಲದಲ್ಲಿ, ಕಾರಿಗೇ ಬೆಂಕಿ ಹತ್ತಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಅರ್ಥಮಾಡಿಕೊಳ್ಳಲು ಎಂಜಿನ್ ಬಿಸಿಯ ಹಾದಿಯನ್ನು ಮೊದಲಿನಿಂದ ನೋಡಬೇಕು.

ಪೆಟ್ರೋಲ್ ಎಂಜಿನ್ ತಾನು ಸುಡುವ ಇಂಧನದ ಶಕ್ತಿಯಲ್ಲಿ ಕೆಲಸಕ್ಕೆ ಬಳಸುವುದು ಹೆಚ್ಚೂಕಡಿಮೆ ಕಾಲು ಭಾಗದಿಂದ ಮೂರನೇ ಒಂದು ಭಾಗ. ಉಳಿದದ್ದೆಲ್ಲ ಬಿಸಿ. ಅದರಲ್ಲಿ ದೊಡ್ಡ ಪಾಲು ಹೊಗೆಯ ಜೊತೆ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಇನ್ನೊಂದು ಪಾಲನ್ನು ಕೂಲೆಂಟ್, ಅಂದರೆ ಎಂಜಿನ್ ಒಳಗೆ ಹರಿದು ತಣಿಸುವ ದ್ರವ, ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಬಿಡುತ್ತದೆ. ಕಾರು ಓಡುತ್ತಿರುವಷ್ಟು ಹೊತ್ತು ಈ ಸಾಗಾಣಿಕೆ ಬಿಡುವಿಲ್ಲದೆ ನಡೆಯುತ್ತಿರುತ್ತದೆ. ಅದಕ್ಕೇ ಕೂಲೆಂಟ್ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಂತಿರುತ್ತದೆ.

ಕೀ ತಿರುಗಿಸಿದ ಕೂಡಲೇ ಸಿಲಿಂಡರ್ ಒಳಗಿನ ಬೆಂಕಿ ನಿಲ್ಲುತ್ತದೆ. ಎಂಜಿನ್ನಿನ ಬಲದಿಂದಲೇ ತಿರುಗಿ ಕೂಲೆಂಟನ್ನು ಓಡಿಸುವ ವಾಟರ್ ಪಂಪೂ ನಿಲ್ಲುತ್ತದೆ. ಆಯಿಲ್ ಪಂಪೂ ನಿಲ್ಲುತ್ತದೆ. ಮುಂದಿನಿಂದ ನುಗ್ಗುತ್ತಿದ್ದ ಗಾಳಿಯೂ ಇಲ್ಲ. ಬಿಸಿ ಹುಟ್ಟುವುದು ನಿಂತಿತು, ಸರಿ. ಬಿಸಿಯನ್ನು ಹೊರಗೆ ಸಾಗಿಸುವ ಏರ್ಪಾಡೂ ಅದರ ಜೊತೆಗೇ ನಿಂತಿತು. ಲೋಹದೊಳಗೆ ಆಗಲೇ ಸೇರಿಕೊಂಡ ಬಿಸಿ ಅಲ್ಲೇ ಇದೆ.

ಆ ಬಿಸಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಹೊಗೆ ಹೊರಗೆ ಬಿಡುವ ವಾಲ್ವ್‌ಗಳು, ಅದರ ಪಕ್ಕದಲ್ಲಿ ಹೊಗೆಯನ್ನು ಒಟ್ಟುಗೂಡಿಸುವ ಪೈಪಾದ ಮ್ಯಾನಿಫೋಲ್ಡ್, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಇವೆಲ್ಲ ನೂರಾರು ಡಿಗ್ರಿಯಲ್ಲಿರುತ್ತವೆ. ಅವುಗಳಿಗೆ ಅಂಟಿಕೊಂಡಿರುವ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದಂಥ ಭಾಗ, ನೂರು ಡಿಗ್ರಿ ಸುತ್ತಮುತ್ತ. ಬಿಸಿ ಯಾವಾಗಲೂ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ, ಅಲ್ವಾ? ಹಾಗಾಗಿ ಕೆಂಡದಂಥ ಭಾಗಗಳ ಬಿಸಿ ಹೆಡ್ ಒಳಗೆ ನಿಂತ ಕೂಲೆಂಟಿಗೆ ಇಳಿಯುತ್ತದೆ. ಕೂಲೆಂಟ್ ಹರಿಯುತ್ತಿಲ್ಲವಾದ್ದರಿಂದ ಅದು ಅಲ್ಲೇ ಕಾಯುತ್ತದೆ. ಎಂಜಿನ್ ಆಫ್ ಆದ ಮೊದಲ ಕೆಲವು ನಿಮಿಷಗಳಲ್ಲಿ ಹೆಡ್ ಒಳಗಿನ ಕೂಲೆಂಟ್ ಐದು ಹತ್ತು ಡಿಗ್ರಿ ಮೇಲೇರುವುದು ಮಾಮೂಲಿ. ಬೆಟ್ಟ ಹತ್ತಿದ ಮೇಲೆ, ಅಥವಾ ಎಕ್ಸ್‌ಪ್ರೆಸ್‌ವೇಯಿಂದ ಇಳಿದ ಕೂಡಲೇ ಆಫ್ ಮಾಡಿದರೆ ಇನ್ನೂ ಜಾಸ್ತಿ. ಆಲೆಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಲೆಗೆ ರಚ್ಚು ಹಾಕುವುದನ್ನು ನಿಲ್ಲಿಸಿದ ಮೇಲೂ ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಲೇ ಇರುತ್ತದೆ. ಪಾಕ ಹೊತ್ತದಂತೆ ನೋಡಿಕೊಳ್ಳಬೇಕಾದರೆ ಕೊಪ್ಪರಿಗೆಯನ್ನೇ ಒಲೆಯಿಂದ ಇಳಿಸಬೇಕು.

ಬೇಸರದ ಸಂಗತಿ ಏನೆಂದರೆ, ಇದು ಡ್ರೈವರ್‌ಗೆ ಕಾಣಿಸುವುದೇ ಇಲ್ಲ. ಕೀ ತೆಗೆದ ಮೇಲೆ ಮೀಟರು ಸತ್ತುಹೋಗುತ್ತದೆ. ಈಗಿನ ಎಷ್ಟೋ ಚಿಕ್ಕ ಕಾರುಗಳಲ್ಲಿ ಬಿಸಿ ತೋರಿಸುವ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ವಿಪರೀತ ಬಿಸಿಯಾದರೆ ಕೆಂಪು ದೀಪ, ಅಷ್ಟೇ. ಮುಳ್ಳು ಇರುವ ಕಾರುಗಳಲ್ಲೂ ಸಾಮಾನ್ಯವಾಗಿ 75ರಿಂದ 100 ಡಿಗ್ರಿ ದಾಟುವವರೆಗೂ ಅದು ನಡುವೆಯೇ ಅಲ್ಲಾಡದೆ ನಿಲ್ಲುವಂತೆ ಮಾಡಿರುತ್ತಾರೆ. ಸುಮ್ನೆ ಗಿರಾಕಿ ಗಾಬರಿಯಾಗಬಾರದು ಅಂತ. ಈ ಏರ್ಪಾಡು ನನಗೆ ಒಪ್ಪಿಗೆಯಿಲ್ಲ. ಬಿಸಿ ಎಷ್ಟಿದೆ ಅಂತ ತಿಳಿಯುವ ಹಕ್ಕು ಓಡಿಸುವವನಿಗೆ ಇರಬೇಕು.

ಒಟ್ಟು ಎಷ್ಟು ಬಿಸಿ ಒಳಗೆ ಕೂತಿರುತ್ತದೆ? ಒಂದು ಲೆಕ್ಕ ಹಾಕೋಣ. ಚಿಕ್ಕ ಕಾರಿನ ಎಂಜಿನ್ನಿನಲ್ಲಿ 80 ಕಿಲೋ ಲೋಹ, 5 ಲೀಟರ್ ಕೂಲೆಂಟ್, ಮೂರೂವರೆ ಲೀಟರ್ ಆಯಿಲ್ ಅಂತ ಇಟ್ಟುಕೊಳ್ಳಿ. ಇಷ್ಟನ್ನೂ 25 ಡಿಗ್ರಿಯಿಂದ 90 ಡಿಗ್ರಿಗೆ ಏರಿಸಲು ಸುಮಾರು ಒಂದೂವರೆ ಯೂನಿಟ್ ಕರೆಂಟಿನಷ್ಟು ಶಕ್ತಿ ಬೇಕು. ಅದರಲ್ಲಿ 17 ಲೀಟರ್ ನೀರು ಕುದಿಸಬಹುದು. ಇದರಲ್ಲಿ ದೊಡ್ಡ ಪಾಲು ಲೋಹದ್ದು. ಆದರೆ ಕಿಲೋ ಲೆಕ್ಕಕ್ಕೆ ನೋಡಿದರೆ ಕೂಲೆಂಟಿನದೇ ಮೇಲುಗೈ. ಒಂದು ಕಿಲೋ ಕೂಲೆಂಟ್ ಹಿಡಿದಿಡುವ ಬಿಸಿ ಒಂದು ಕಿಲೋ ಅಲ್ಯೂಮಿನಿಯಂಗಿಂತ ಮೂರೂವರೆ ಪಟ್ಟಿಗೂ ಮಿಕ್ಕಿದ್ದು, ಬೀಡು ಕಬ್ಬಿಣಕ್ಕಿಂತ ಏಳು ಪಟ್ಟಿನಷ್ಟು.

ಈ ಬಿಸಿ ಹೊರಗೆ ಹೋಗುವ ವೇಗ ಒಂದೊಂದು ಭಾಗಕ್ಕೆ ಒಂದೊಂದು ಥರ. ಇಲ್ಲೇ ಎಲ್ಲ ಗುಟ್ಟೂ ಇರುವುದು. ತುಂಬ ಬಿಸಿಯಾದ ವಸ್ತು ಬಿಸಿಯನ್ನು ಕಿರಣಗಳಾಗಿ ಸೂಸುತ್ತದೆ. ಕೆಲ್ವಿನ್ ಲೆಕ್ಕದ (ಸೆಲ್ಸಿಯಸ್‌ಗೆ 273 ಕೂಡಿಸಿದ) ತಾಪಮಾನದ ನಾಲ್ಕನೇ ಘಾತದ ಪ್ರಮಾಣದಲ್ಲಿ ಅದು ಏರುತ್ತದೆ. 600 ಡಿಗ್ರಿಯ ಮ್ಯಾನಿಫೋಲ್ಡ್, 90 ಡಿಗ್ರಿಯ ಬ್ಲಾಕಿಗಿಂತ (ಸಿಲಿಂಡರುಗಳಿರುವ ಎಂಜಿನ್ನಿನ ದಪ್ಪ ಲೋಹದ ಒಡಲು) ಅಷ್ಟೇ ಅಗಲದ ಜಾಗದಿಂದ 30 ಪಟ್ಟಿಗೂ ಜಾಸ್ತಿ ಬಿಸಿ ಸೂಸುತ್ತದೆ. ಹಾಗಾಗಿ ಸೈಲೆನ್ಸರಿನ ತೆಳು ಪೈಪು ಬೇಗ ಆರುತ್ತದೆ. ಒಳಗೆ ಜೇನುಗೂಡಿನಂಥ ಸೆರಾಮಿಕ್ ತುಂಬಿರುವ ಕನ್ವರ್ಟರ್ ನಿಧಾನವಾಗಿ ಆರುತ್ತದೆ. ನಿಲ್ಲಿಸಿದ ಕಾರಿನ ಅಡಿಯಿಂದ ಟಿಕ್ ಟಿಕ್ ಅಂತ ಕೇಳಿಸುವುದು ಈ ಲೋಹಗಳು ಆರುತ್ತಾ ಕುಗ್ಗುವ ಸದ್ದು. ಬ್ಲಾಕು ಮಾತ್ರ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಅದು ಬಿಸಿ ಬಿಡುವುದು ಮುಖ್ಯವಾಗಿ ಸುತ್ತಲಿನ ಗಾಳಿಗೆ. ಬಾನೆಟ್ ಮುಚ್ಚಿದಾಗ ಆ ಗಾಳಿಯೂ ಬಿಸಿಯಾಗಿ ಅಲ್ಲೇ ತಂಗಿರುತ್ತದೆ.

ರೇಡಿಯೇಟರ್ ಮುಚ್ಚಳದ ವಿಷಯಕ್ಕೆ ಬರೋಣ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಕುದಿಯುವುದು 97, 98 ಡಿಗ್ರಿಗೆ. ಚಾಮುಂಡಿ ಬೆಟ್ಟದ ಮೇಲೆ ಇನ್ನೂ ಒಂದು ಡಿಗ್ರಿ ಕಡಿಮೆ. ಕಾರಿನೊಳಗೆ ಮಾತ್ರ ನೀರು 110 ಡಿಗ್ರಿಯಲ್ಲೂ ಕುದಿಯದೆ ಇರುತ್ತದೆ. ಮುಚ್ಚಳ ಸುಮಾರು ಒಂದು ವಾತಾವರಣದಷ್ಟು ಹೆಚ್ಚುವರಿ ಒತ್ತಡವನ್ನು ಹಿಡಿದಿಟ್ಟಿರುತ್ತದೆ, ಅದಕ್ಕೆ. ಆ ಸ್ಥಿತಿಯಲ್ಲಿ ಮುಚ್ಚಳ ತಿರುಗಿಸಿದರೆ ಒತ್ತಡ ಹೋಗಿ ನೀರು ಒಂದೇ ಸಲಕ್ಕೆ ಆವಿಯಾಗಿ ಚಿಮ್ಮುತ್ತದೆ. ಆಫ್ ಮಾಡಿ ಐದು ನಿಮಿಷ ಬಿಟ್ಟು ತೆಗೆಯುತ್ತೇನೆ ಅನ್ನುವವರು, ಅದು ಹೆಚ್ಚು ಬಿಸಿಯಾಗಿರುವ ಹೊತ್ತನ್ನೇ ಆರಿಸಿಕೊಂಡ ಹಾಗಾಯಿತು. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಡಬೇಕು. ಬಟ್ಟೆ ಹಿಡಿದು ಮೇಲಿನ ಹೋಸ್ ಪೈಪನ್ನು ಒತ್ತಿ ನೋಡಬೇಕು. ಗಟ್ಟಿಯಾಗಿದ್ದರೆ ಒತ್ತಡ ಇನ್ನೂ ಇದೆ ಅಂತಲೇ ಅರ್ಥ.

ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯುವ ಅಭ್ಯಾಸವೂ ಬಿಡಬೇಕು. ಅಲ್ಯೂಮಿನಿಯಂ ಬೀಡು ಕಬ್ಬಿಣಕ್ಕಿಂತ ಎರಡು ಪಟ್ಟು ಹಿಗ್ಗುತ್ತದೆ, ಎರಡು ಪಟ್ಟು ಕುಗ್ಗುತ್ತದೆ. ಒಂದು ಕಡೆ ದಿಢೀರನೆ ಕುಗ್ಗಿದರೆ ಹೆಡ್ ಸೊಟ್ಟಗಾಗುತ್ತದೆ, ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಹೋಗುತ್ತದೆ. ನಮ್ಮ ಕಡೆ ಇನ್ನೊಂದು ತೊಂದರೆ, ತುಂಬುವ ನೀರಿನದು. ಮಂಡ್ಯದ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರು ಗಡಸು. ಅದನ್ನೇ ರೇಡಿಯೇಟರಿಗೆ ತುಂಬುತ್ತಾ ಬಂದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಬಿಸಿ ಗಾಳಿಗೆ ದಾಟುವುದಕ್ಕೆ ಆ ಪದರವೇ ಅಡ್ಡ. ಅರ್ಜೆಂಟಿಗೆ ಹಾಕಿದ್ದರೆ ಊರಿಗೆ ಬಂದ ಮೇಲೆ ಬಸಿದು ಸರಿಯಾದ ಕೂಲೆಂಟ್ ತುಂಬಿಸುವುದು ಒಳ್ಳೆಯದು.

2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ನಮ್ಮ ಕಾರುಗಳ ಓಟದ ರೀತಿಯೇ ಬದಲಾಯಿತು. ಮೊದಲು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲ ಕಡೆ ನಿಧಾನಿಸಿ ಬರುತ್ತಿದ್ದೆವು. ಈಗ ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಒಂದೇ ಸಮ ಓಡುತ್ತೇವೆ. ಇದೇ ಕಾಲದಲ್ಲಿ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ) ಇರುವ ಚಿಕ್ಕ ಪೆಟ್ರೋಲ್ ಕಾರುಗಳೂ ಜಾಸ್ತಿಯಾಗಿವೆ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತಿಗೂ ಮಿಕ್ಕಿ ತಿರುಗುತ್ತದೆ. ಪೆಟ್ರೋಲ್ ಕಾರುಗಳಲ್ಲಿ ಅದಕ್ಕೆ ಬಂದು ತಾಕುವ ಹೊಗೆ ಜೋರು ಓಟದಲ್ಲಿ 900 ಡಿಗ್ರಿವರೆಗೂ ಹೋಗುತ್ತದೆ. ಆ ಶಾಫ್ಟನ್ನು ಕಾಯುವುದು ಹರಿಯುವ ಆಯಿಲ್. ತಟ್ಟನೆ ಆಫ್ ಮಾಡಿದರೆ ಆಯಿಲ್ ನಿಂತಲ್ಲೇ ಸುಟ್ಟು ಕರಿ ಕಟ್ಟುತ್ತದೆ. ಈಗಿನ ಬಹಳಷ್ಟು ಪೆಟ್ರೋಲ್ ಟರ್ಬೊಗಳ ಸುತ್ತ ಕೂಲೆಂಟ್ ಓಡುತ್ತದೆ. ಪಂಪ್ ನಿಂತರೂ ಬಿಸಿ ನೀರು ಮೇಲಕ್ಕೆ, ತಣ್ಣೀರು ಕೆಳಕ್ಕೆ ತಾನಾಗಿ ಸರಿದು ಸ್ವಲ್ಪ ಮಟ್ಟಿಗೆ ತಣಿಸುತ್ತದೆ. ಮದ್ದೂರು ವಡೆ ತಿನ್ನಲು ಎಕ್ಸ್‌ಪ್ರೆಸ್‌ವೇ ಬಿಟ್ಟು ಸರ್ವಿಸ್ ರಸ್ತೆಗೆ ಇಳಿದು ಊರೊಳಗೆ ಬರಬೇಕಲ್ಲ, ಆ ನಿಧಾನದ ಓಟವೇ ಟರ್ಬೊ ತಣಿಯಲು ಸಾಕು. ಇಳಿದ ಕೂಡಲೇ ಪಕ್ಕದಲ್ಲೇ ನಿಲ್ಲಿಸುವುದಾದರೆ ಮಾತ್ರ ಅರ್ಧ ನಿಮಿಷ, ಒಂದು ನಿಮಿಷ ಐಡಲ್‌ನಲ್ಲಿ ಬಿಡಿ.

ಈಗ ಹುರುಳಿ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ.

ರಾಗಿಯನ್ನೂ ಹುರುಳಿಯನ್ನೂ ರಸ್ತೆ ಮೇಲೆ ಹರಡಿ, ಓಡಾಡುವ ಗಾಡಿಗಳ ಚಕ್ರದಿಂದ ಒಕ್ಕಣೆ ಮಾಡಿಸುವುದು ನಮ್ಮ ಕಡೆ ಎಷ್ಟೋ ವರ್ಷಗಳಿಂದ ನಡೆದುಬಂದಿದೆ. ಎರಡರಲ್ಲಿ ಹುರುಳಿ ಕಾರಿಗೆ ಹೆಚ್ಚು ಅಪಾಯಕಾರಿ. ಅದು ಬಳ್ಳಿಯ ಜಾತಿ. ಒಣಗಿದ ಮೇಲೂ ಒಂದಕ್ಕೊಂದು ಹೆಣೆದುಕೊಂಡೇ ಇರುತ್ತದೆ. ಕಾರು ಅದರ ಮೇಲೆ ಹೋದಾಗ ಒಂದು ಎಳೆ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟಿಗೆ ಸಿಕ್ಕಿತೆಂದರೆ ಸಾಕು, ಪ್ರತಿ ಸುತ್ತಿಗೂ ಇನ್ನಷ್ಟು ಸೆತ್ತೆಯನ್ನು ಎಳೆದುಕೊಂಡು ಸುತ್ತುತ್ತದೆ. ಇವತ್ತಿನ ಹೆಚ್ಚಿನ ಚಿಕ್ಕ ಕಾರುಗಳಲ್ಲಿ ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೇ ಹೋಗುತ್ತದೆ. ಆ ಶಾಫ್ಟ್‌ಗಳೂ ಬಿಸಿ ಪೈಪೂ ಇರುವುದು ಹೆಚ್ಚೂಕಡಿಮೆ ಒಂದೇ ಜಾಗದಲ್ಲಿ. ಒಣ ಸೆತ್ತೆ ಕರಿಕಟ್ಟಿ ಹೊಗೆಯಾಡಲು 250, 300 ಡಿಗ್ರಿ ಸಾಕು. ಎಂಜಿನ್ನಿಗೆ ಹತ್ತಿರದ ಪೈಪು ಮತ್ತು ಕನ್ವರ್ಟರ್ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗಿರುತ್ತವೆ. ಜೊತೆಗೆ ಸುತ್ತುವ ಸೆತ್ತೆ ಉಜ್ಜಿ ಉಜ್ಜಿ ಹುಟ್ಟುವ ಬಿಸಿ ಬೇರೆ.

ಬಿಸಿ ಉಳಿಯುವ ವಿಚಾರ ಇಲ್ಲಿ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಒಂದು, ಪೈಪಿಗೆ ಮೆತ್ತಿಕೊಂಡ ಸೆತ್ತೆ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ಕಿರಣಗಳಾಗಿ ಸೂಸಬೇಕಿದ್ದ ಬಿಸಿ, ಗಾಳಿಗೆ ಹೋಗಬೇಕಿದ್ದ ಬಿಸಿ, ಎರಡೂ ಒಳಗೇ ಉಳಿದು ಆ ಜಾಗ ಮಾಮೂಲಿಗಿಂತ ಹೆಚ್ಚು ಕಾಯುತ್ತದೆ. ಎರಡು, ಕಾರು ನಿಲ್ಲಿಸಿದಾಗ. ಓಡುವಾಗ ಅಡಿಯಲ್ಲಿ ನುಗ್ಗುತ್ತಿದ್ದ ಗಾಳಿ ಸ್ವಲ್ಪ ಬಿಸಿಯನ್ನಾದರೂ ಒಯ್ಯುತ್ತಿತ್ತು. ನಿಂತ ಮೇಲೆ ಅದೂ ಇಲ್ಲ. ಆಗಲೇ ಒಳಗೊಳಗೆ ಕೆಂಡವಾಗಿದ್ದ ಸೆತ್ತೆ ನಿಧಾನವಾಗಿ ಉರಿ ಹಿಡಿಯುತ್ತದೆ. ಉರಿ ಮೇಲಕ್ಕೇ ಹೋಗುವುದು. ಮೇಲೆ ಇರುವುದು ಪ್ಲಾಸ್ಟಿಕ್ ಕವರ್, ವೈರಿಂಗ್, ರಬ್ಬರ್ ಪೈಪು, ಆಯಿಲ್ ಮೆತ್ತಿದ ಧೂಳು. ಒಳಗೆ ಕೂತವರಿಗೆ ಇದು ಬೇಗ ಗೊತ್ತಾಗುವುದಿಲ್ಲ. ಗಾಜು ಏರಿಸಿ ಏಸಿ ಹಾಕಿರುತ್ತಾರೆ. ಸುಟ್ಟ ವಾಸನೆ ಬಂದರೂ ಯಾರೋ ಹೊಲದಲ್ಲಿ ಬೆಂಕಿ ಹಾಕಿರಬೇಕು ಅಂದುಕೊಳ್ಳುತ್ತಾರೆ.

ಡೀಸೆಲ್ ಕಾರುಗಳದ್ದು ಇನ್ನೊಂದು ಎಚ್ಚರಿಕೆ. 2020ರ ಏಪ್ರಿಲ್ 1ರಿಂದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂತು. ಆಮೇಲಿನ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಅದರಲ್ಲಿ ಮಸಿ ತುಂಬಿದಾಗ ಕಾರು ತಾನೇ ಹೊಗೆಯ ಬಿಸಿಯನ್ನು 600 ಡಿಗ್ರಿ ಆಸುಪಾಸಿಗೆ ಏರಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ನಡುವೆ ಆಫ್ ಮಾಡಿದರೆ ಆ ಬಿಸಿಯೆಲ್ಲ ಅಡಿಯಲ್ಲೇ ಉಳಿಯುತ್ತದೆ. ಸುತ್ತೂರು ಜಾತ್ರೆಗೋ ಮೇಲುಕೋಟೆ ವೈರಮುಡಿಗೋ ಹೋದಾಗ ಕಾರು ನಿಲ್ಲಿಸಲು ಬಯಲೇ ಗತಿ. ಮೊಣಕಾಲೆತ್ತರ ಒಣ ಹುಲ್ಲಿರುವ ಜಾಗ ಬಿಟ್ಟು ಬರಿ ಮಣ್ಣಿನ ಮೇಲೆ ನಿಲ್ಲಿಸಿ. ಪೆಟ್ರೋಲ್ ಕಾರಿಗೂ ಇದೇ ಮಾತು.

ರಸ್ತೆಯಲ್ಲಿ ಹುರುಳಿ ಎದುರಾದರೆ ನಿಧಾನಿಸಿ, ಒಂದು ಬದಿ ಖಾಲಿ ಇದ್ದರೆ ಅದರಲ್ಲೇ ಹೋಗಿ. ದಾಟಲೇಬೇಕಾದರೆ ದಾಟಿ, ಆದರೆ ಸೆತ್ತೆಯ ಮೇಲೆ ಮಾತ್ರ ನಿಲ್ಲಬೇಡಿ. ಸ್ವಲ್ಪ ಮುಂದೆ ಬರಿ ಡಾಂಬರಿನ ಮೇಲೆ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಅಡಿಯಲ್ಲಿ ಬಗ್ಗಿ ನೋಡಿ. ಸಿಕ್ಕಿಕೊಂಡಿದ್ದರೆ ಕೋಲಿನಿಂದ ಎಳೆದು ತೆಗೆಯಿರಿ. ಕೈ ಹಾಕಬೇಡಿ, ಪೈಪು ಇನ್ನೂ ಸುಡುತ್ತಿರುತ್ತದೆ. ಹೊಗೆ ಕಂಡರೆ ಆಗಲೇ ದೂರ ಸರಿದು 112ಕ್ಕೆ ಕರೆ ಮಾಡಿ. ಬಾನೆಟ್ ಸಂದಿಯಿಂದ ಹೊಗೆ ಬರುತ್ತಿದ್ದಾಗ ಅದನ್ನು ಪೂರ್ತಿ ತೆರೆಯಬಾರದು. ಗಾಳಿ ಸಿಕ್ಕ ಕೂಡಲೇ ಉರಿ ಭುಗಿಲೇಳುತ್ತದೆ. ಸಾಮಾನು ತೆಗೆಯಲು ವಾಪಸ್ ಹೋಗುವುದಂತೂ ಬೇಡವೇ ಬೇಡ.

ರೈತರನ್ನು ಬೈದು ಸುಮ್ಮನಾಗುವುದು ಸುಲಭ. ಒಂದೆರಡು ಎಕರೆ ಇರುವವರಿಗೆ ಕಣ ಮಾಡಿ, ಸಗಣಿ ಸಾರಿಸಿ, ಗುಂಡು ಎಳೆಸಲು ಆಳೂ ಇಲ್ಲ, ಎತ್ತೂ ಇಲ್ಲ. ಯಂತ್ರದ ಬಾಡಿಗೆ ಕೊಟ್ಟರೆ ಹುರುಳಿಯಲ್ಲಿ ಏನೂ ಉಳಿಯುವುದಿಲ್ಲ. ಕೆಲವು ಗ್ರಾಮ ಪಂಚಾಯಿತಿಗಳು ನರೇಗಾದಲ್ಲಿ ಸಿಮೆಂಟಿನ ಒಕ್ಕಣೆ ಕಣ ಕಟ್ಟಿಸಿವೆ. ಅಂಥ ಕಣ ಇಲ್ಲದ ಊರಿನಲ್ಲಿ ಬರೀ ಪೊಲೀಸರ ಎಚ್ಚರಿಕೆಯಿಂದ ರಸ್ತೆ ಖಾಲಿಯಾಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಹುರುಳಿ ಬೆಳೆಯುವ ಪ್ರತಿ ಊರಿಗೂ ಎರಡು ಕಣ ಕಟ್ಟಿಸುವುದು ಪಂಚಾಯಿತಿಗೆ ಆಗದ ಕೆಲಸವೇನಲ್ಲ.

ಹಳೆಯ ಕಾರುಗಳ ಕಾಲದಲ್ಲಿ ಈ ಉಳಿದ ಬಿಸಿಯ ಕಾಟ ಬೇರೆ ಥರ ಇತ್ತು. ಅಂಬಾಸಿಡರ್, ಪದ್ಮಿನಿಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಪೆಟ್ರೋಲಿನಲ್ಲಿರುವ ಹಗುರ ಅಂಶಗಳು 40 ಡಿಗ್ರಿ ಒಳಗೇ ಕುದಿಯಲು ಶುರುಮಾಡುತ್ತವೆ. ಬೆಟ್ಟ ಹತ್ತಿ ನಿಲ್ಲಿಸಿದರೆ ಪೈಪಿನೊಳಗೆ ಆವಿ ತುಂಬಿ, ಕಾಲು ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಜಪ್ಪಯ್ಯ ಅಂದರೂ ಆಗುತ್ತಿರಲಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು. ಈಗ ಇಂಜೆಕ್ಷನ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗಿದೆ, ಪೆಟ್ರೋಲ್ ಮೂರು ನಾಲ್ಕು ವಾತಾವರಣದ ಒತ್ತಡದಲ್ಲಿ ಇರುತ್ತದೆ. ಹಾಗಾಗಿ ಆ ಕಾಟ ಬಹುತೇಕ ಹೋಗಿದೆ.

ಮೊದಲ ಅರ್ಧ ಗಂಟೆ ದಾಟಿದ ಮೇಲೆ ಅದೇ ಬಿಸಿ ನಮ್ಮ ಆಸ್ತಿಯಾಗುತ್ತದೆ. ಹೊರಗಿನ ಗಾಳಿಗೂ ಎಂಜಿನ್ನಿಗೂ ಇರುವ ಬಿಸಿಯ ಅಂತರ ಜಾಸ್ತಿ ಇದ್ದಾಗ ಬೇಗ ಆರುತ್ತದೆ, ಅಂತರ ಕಡಿಮೆಯಾದಂತೆ ನಿಧಾನವಾಗುತ್ತದೆ. ಆ ಅಂತರ ಅರ್ಧಕ್ಕಿಳಿಯಲು ಎರಡು ಗಂಟೆ ಬೇಕು ಅಂತ ಇಟ್ಟುಕೊಳ್ಳಿ. 25 ಡಿಗ್ರಿಯ ಸಂಜೆ 90 ಡಿಗ್ರಿಯಲ್ಲಿ ಆಫ್ ಮಾಡಿದ ಎಂಜಿನ್ ಎರಡು ಗಂಟೆಗೆ 57, ನಾಲ್ಕು ಗಂಟೆಗೆ 41, ಆರು ಗಂಟೆಗೆ 33 ಡಿಗ್ರಿಗೆ ಬರುತ್ತದೆ. ಮೈಸೂರಿನ ಡಿಸೆಂಬರ್ ರಾತ್ರಿ, 16 ಡಿಗ್ರಿ ಚಳಿಯಲ್ಲಿ, ನಾಲ್ಕು ಗಂಟೆಗೇ 35ರ ಹತ್ತಿರ. ಎಂಜಿನ್ ಪೂರ್ತಿ ಆರಲು ಎಷ್ಟು ಹೊತ್ತು ಬೇಕು ಅನ್ನುವುದಕ್ಕೆ ಹೊಗೆ ಪರೀಕ್ಷೆಯ ನಿಯಮಗಳೇ ಸಾಕ್ಷಿ. ಯುರೋಪಿನ ಪರೀಕ್ಷೆಯಲ್ಲಿ ಕಾರನ್ನು ಕನಿಷ್ಠ 6 ಗಂಟೆ, ಅಮೆರಿಕದಲ್ಲಿ 12 ಗಂಟೆ ನಿಲ್ಲಿಸಿದ ಮೇಲೆಯೇ ಅದನ್ನು ತಣ್ಣನೆಯ ಎಂಜಿನ್ ಅಂತ ಒಪ್ಪುತ್ತಾರೆ.

ಈ ವ್ಯತ್ಯಾಸ ಯಾಕೆ ಮುಖ್ಯ? ತಣ್ಣಗಿರುವ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ದಪ್ಪಗಾದ ಆಯಿಲಿನಲ್ಲಿ ಕಷ್ಟಪಟ್ಟು ತಿರುಗುತ್ತದೆ, ಹೆಚ್ಚು ಸವೆಯುತ್ತದೆ. ಕನ್ವರ್ಟರ್ 250, 300 ಡಿಗ್ರಿ ಮುಟ್ಟುವವರೆಗೆ ಹೊಗೆಯನ್ನು ಸರಿಯಾಗಿ ಶುದ್ಧ ಮಾಡುವುದಿಲ್ಲ. ಟೊಯೋಟಾ ಕಂಪನಿ 2004ರ ಪ್ರಿಯಸ್ ಕಾರಿನಲ್ಲಿ, ಅಮೆರಿಕದ ಮಾರುಕಟ್ಟೆಗೆ, ಬಿಸಿ ಕೂಲೆಂಟನ್ನು ಥರ್ಮಾಸ್‌ನಂಥ ಪಾತ್ರೆಯಲ್ಲಿ ಮೂರು ದಿನದವರೆಗೆ ಬಿಸಿಯಾಗಿಟ್ಟು ಮತ್ತೆ ಎಂಜಿನ್ನಿಗೆ ಬಿಡುವ ಏರ್ಪಾಡನ್ನೇ ಮಾಡಿತ್ತು. ನಮಗೆ ಅಷ್ಟೆಲ್ಲ ಬೇಕಿಲ್ಲ. ಮೈಸೂರಿನಲ್ಲಿ ನಮ್ಮ ಹೆಚ್ಚಿನ ಓಡಾಟ ಎರಡು ಮೂರು ಕಿಲೋಮೀಟರಿನದು. ಬೆಳಿಗ್ಗೆ ಒಂದು ಕೆಲಸ, ಮಧ್ಯಾಹ್ನ ಒಂದು, ಸಂಜೆ ಒಂದು ಅಂತ ಹೊರಟರೆ ಎಂಜಿನ್ ಪ್ರತಿ ಸಲವೂ ಅರ್ಧಂಬರ್ಧ ಕಾಯುತ್ತದೆ, ಆರುತ್ತದೆ. ಕುವೆಂಪುನಗರದಲ್ಲಿ ಮನೆ ಇದ್ದು ಬನ್ನಿಮಂಟಪ, ದೇವರಾಜ ಮಾರುಕಟ್ಟೆ, ಸರಸ್ವತಿಪುರಂ ಮೂರೂ ಕಡೆ ಕೆಲಸವಿದ್ದರೆ ಮೊದಲು ಬನ್ನಿಮಂಟಪಕ್ಕೆ ಹೋಗಿ. ದೂರದ ಓಟದಲ್ಲಿ ಎಂಜಿನ್ ಚೆನ್ನಾಗಿ ಕಾಯುತ್ತದೆ. ವಾಪಸ್ ಬರುವಾಗ ಉಳಿದ ಎರಡನ್ನೂ ಒಂದೊಂದು ಗಂಟೆಯೊಳಗೆ ಮುಗಿಸಿದರೆ ಪ್ರತಿ ಸಲ ಸ್ಟಾರ್ಟ್ ಮಾಡುವಾಗಲೂ ಕೂಲೆಂಟ್ 70 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ.